ಕೇಳದೇ ಬರುವ ಸಲಹೆ: ಯಾವುದಕ್ಕೆ ತಲೆಯಾಡಿಸಬಹುದು, ಯಾವುದನ್ನು ಹೊಸ್ತಿಲಲ್ಲೇ ತಡೆಯಬೇಕು

ಎಳೆನೀಲಿ (ಚರ್ಚೆಯ ಈ ಎಳೆ ಶುರು ಮಾಡಿದವರು)

ಮದುವೆ, ಗೃಹಪ್ರವೇಶ, ತಿಥಿಯೂಟ, ಎಲ್ಲಿಗೇ ಹೋಗಲಿ, ಗಾಲಿಕುರ್ಚಿಯಲ್ಲಿ ಕೂತವರೋ ಕೋಲು ಹಿಡಿದವರೋ ಕಣ್ಣಿಗೆ ಬಿದ್ದರೆ ಸಾಕು, ಪಕ್ಕದ ಎಲೆಯವರು ವೈದ್ಯರಾಗಿಬಿಡುತ್ತಾರೆ. "ಕಷಾಯ ಕುಡಿಸಿದ್ರಾ?", "ಮೊದಲು ಆ ಇಂಗ್ಲಿಷ್ ಮಾತ್ರೆ ಬಿಡಿಸಿ", "ಚೆನ್ನಾಗಿ ಎಣ್ಣೆ ತಿಕ್ಕಿಸಿ, ಮೂರು ತಿಂಗಳಲ್ಲಿ ಓಡಾಡ್ತಾರೆ". ಇದರಿಂದ ಎಷ್ಟು ಬೇಜಾರಾಗುತ್ತದೆ ಅನ್ನುವ ಚರ್ಚೆ ಇಲ್ಲಿ ಬೇಕಾದಷ್ಟು ಆಗಿದೆ. ಈ ಎಳೆಯಲ್ಲಿ ಬೇಕಿರುವುದು ಇಷ್ಟೇ: ಯಾವ ಕಾಯಿಲೆಗೆ ಯಾವ ಸಲಹೆ ಬರುತ್ತದೆ, ಅದನ್ನು ಪಾಲಿಸಿದರೆ ದೇಹದಲ್ಲಿ ಏನು ಕೆಡುತ್ತದೆ, ಹೇಳಿದವರಿಗೆ ಒಂದು ಸಾಲಲ್ಲಿ ಏನನ್ನಬಹುದು. ಸ್ವಂತ ಅನುಭವಗಳಿಗೆ ಬೇರೆ ಎಳೆ ಇದೆ, ಅಲ್ಲಿ ಬರೆಯಿರಿ.

ಶುರುವಿಗೆ ನನ್ನದೊಂದು ವಿಂಗಡಣೆ. ಹೇಳಿದವರ ಮನಸ್ಸು ಒಳ್ಳೆಯದೋ ಕೆಟ್ಟದ್ದೋ, ಅದು ಪಕ್ಕಕ್ಕಿರಲಿ. ಸಲಹೆಯಲ್ಲಿ "ಬಿಡಿ", "ತಿಕ್ಕಿ", "ನುಂಗಿ" ಈ ಮೂರರಲ್ಲಿ ಒಂದಿದ್ದರೆ ಅಲ್ಲೇ ತಡೆಯಬೇಕು. ಹರಕೆ, ವಾಸ್ತು, ತಲೆದಿಂಬಿನ ದಿಕ್ಕು ಇಂಥವಕ್ಕೆಲ್ಲ "ಆಗಲಿ" ಅಂದು ಪಾಯಸ ಮುಗಿಸಬಹುದು.

ಗಾಲಿಮನೆ

ಬೆನ್ನುಹುರಿ ಪೆಟ್ಟಿನ ಪುನಶ್ಚೇತನ ನನ್ನ ಕೆಲಸ. ಆ ಭಾಗ ನಾನು ಬರೆಯುತ್ತೇನೆ, ಉದ್ದವಾಗುತ್ತದೆ.

ಮೊದಲನೆಯದು ಎಣ್ಣೆ ತಿಕ್ಕುವುದು. ಹಗುರವಾಗಿ ಎಣ್ಣೆ ಸವರಿದರೆ ತೊಂದರೆಯಿಲ್ಲ, ಒಣ ಚರ್ಮಕ್ಕೆ ಒಳ್ಳೆಯದೇ. ಕೆಡುವುದು ಮೂರು ಕಡೆ. ಒಂದು, ಎಣ್ಣೆಯ ಬಿಸಿ. ಕಾಲಿಗೆ ಸ್ಪರ್ಶ ಇಲ್ಲದವರಿಗೆ ಸುಡುತ್ತಿರುವುದು ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದ ಮೇಲೆ ನೋಡಿದವರೇ ಹೇಳಬೇಕು. ಬಿಸಿನೀರಿನ ಚೀಲಕ್ಕೂ ಇದೇ ಮಾತು, ಅದು ಇನ್ನೂ ಕೆಟ್ಟದ್ದು, ಯಾಕೆಂದರೆ ಒಂದೇ ಜಾಗದಲ್ಲಿ ಕೂತಿರುತ್ತದೆ. ಎರಡು, ರಕ್ತ ಹೆಪ್ಪುಗಟ್ಟುವಿಕೆ. ಆಡದ ಕಾಲಿನ ಒಳನಾಳದಲ್ಲಿ ರಕ್ತ ಗಟ್ಟಿಯಾಗುವ ಸಾಧ್ಯತೆ ಹೆಚ್ಚು, ಅದರಲ್ಲೂ ಪೆಟ್ಟು ಬಿದ್ದ ಮೊದಲ ಮೂರು ತಿಂಗಳು. ಊದಿದ ಮೀನಖಂಡವನ್ನು "ನೀರು ಇಳಿಯಲಿ" ಅಂತ ಬಲವಾಗಿ ತಿಕ್ಕಿದರೆ ಆ ಗಂಟು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಅಳತೆಪಟ್ಟಿ ತೆಗೆದುಕೊಳ್ಳಿ. ಮಂಡಿಚಿಪ್ಪಿನ ಕೆಳಗೆ ಮೂಳೆ ಉಬ್ಬಿರುವ ಜಾಗ ಇದೆಯಲ್ಲ, ಅಲ್ಲಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲಿನ ಸುತ್ತಳತೆ ನೋಡಿ. 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಣ್ಣೆಯನ್ನು ಕಪಾಟಿನಲ್ಲಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ. ವ್ಯತ್ಯಾಸ ಕಡಿಮೆ ಇದ್ದು ಕಾಲು ಬೆಚ್ಚಗಾಗಿ ಕೆಂಪಾಗಿದ್ದರೂ ತೋರಿಸಬೇಕು. ಮೂರು, ಬಲವಂತದ ಮಡಿಕೆ. ತಿಂಗಳುಗಟ್ಟಲೆ ಭಾರ ಬೀಳದ ಮೂಳೆ ಸೊರಗಿರುತ್ತದೆ. ಮಂಡಿಯ ಮೇಲೆ ಕೆಳಗೆ ಸ್ವಲ್ಪ ತಿರುಚಿದರೂ ಮುರಿಯಬಹುದು, ಮುರಿದದ್ದು ನೋವಾಗುವುದಿಲ್ಲ, ಊತದಿಂದಲೇ ತಿಳಿಯಬೇಕು.

ಎರಡನೆಯದು ಗಾಳಿ ತುಂಬಿದ ರಿಂಗು ಅಥವಾ ಟ್ಯೂಬು. "ಅದರ ಮೇಲೆ ಕೂರಿಸಿ, ಹುಣ್ಣಾಗಲ್ಲ" ಅನ್ನುವವರು ಬಹಳ. ನಡುವೆ ಭಾರ ಇಲ್ಲ ಅನ್ನುವುದು ನಿಜ, ಆದರೆ ಆ ಭಾರವೆಲ್ಲ ಸುತ್ತಲಿನ ವೃತ್ತಕ್ಕೆ ಬಿದ್ದು ನಡುವಿನ ಚರ್ಮಕ್ಕೆ ಹೋಗುವ ರಕ್ತವನ್ನೇ ತಡೆಯುತ್ತದೆ. ಹುಣ್ಣು ತಡೆಯುವುದು ಮಗ್ಗುಲು ಬದಲಾವಣೆ: ಕೂತಾಗ 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೋ ಪಕ್ಕಕ್ಕೋ ಬಾಗಿ ಒಂದೆರಡು ನಿಮಿಷ ಪೃಷ್ಠದ ಭಾರ ಇಳಿಸಬೇಕು, ಮಲಗಿದಾಗ 2 ಗಂಟೆಗೊಮ್ಮೆ ತಿರುಗಿಸಬೇಕು. ದಿನಕ್ಕೊಮ್ಮೆ ಕನ್ನಡಿ ಹಿಡಿದು ಬೆನ್ನಿನ ತುದಿ, ಪೃಷ್ಠ, ಹಿಮ್ಮಡಿ ನೋಡಬೇಕು. ಕೆಂಪು ಕಲೆ ಒತ್ತಿದಾಗ ಬಿಳಿಯಾಗದೆ ಹಾಗೇ ಉಳಿದರೆ ಅದು ಹುಣ್ಣಿನ ಶುರು. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ, ಕೈಬೆನ್ನು ಇಟ್ಟು ಬಿಸಿ ಮತ್ತು ಗಡಸು ನೋಡಿ.

ಮೂರನೆಯದು "ಹೊರಗೆ ಹೋಗುವ ದಿನ ನೀರು ಕಡಿಮೆ ಕುಡಿಸಿ". ಕ್ಯಾತಿಟರ್ (ಮೂತ್ರದ ಕೊಳವೆ) ಹಾಕಿ ಖಾಲಿ ಮಾಡುವವರಿಗೆ ಇದು ನೇರವಾಗಿ ಮೂತ್ರದ ಸೋಂಕು ಮತ್ತು ಕಲ್ಲಿನ ದಾರಿ. ದಿನಕ್ಕೆ ಸುಮಾರು 2 ಲೀಟರ್, ಇಡೀ ದಿನಕ್ಕೆ ಹಂಚಿ, 4ರಿಂದ 6 ಗಂಟೆಗೊಮ್ಮೆ ಖಾಲಿ, ಒಂದು ಸಲಕ್ಕೆ 400–500 ಮಿ.ಲೀ. ಮೀರಬಾರದು. ಮೀರುತ್ತಿದ್ದರೆ ನೀರು ಕಡಿಮೆ ಮಾಡುವುದಲ್ಲ, ಅಂತರ ಕಡಿಮೆ ಮಾಡಬೇಕು. ಇನ್ನೊಂದು, ಮೂತ್ರ ಸ್ವಲ್ಪ ಮಸುಕಾದ ಮಾತ್ರಕ್ಕೆ ಪಕ್ಕದ ಮನೆಯವರು ಹೇಳಿದ ಆ್ಯಂಟಿಬಯೊಟಿಕ್ ನುಂಗಬೇಡಿ. ಜ್ವರ, ಚಳಿ, ಏಕಾಏಕಿ ಹೆಚ್ಚಿದ ಸೆಡೆತ (ಕಾಲು ತಾನೇ ಬಿಗಿದು ಜಗ್ಗುವುದು), ಹೊಸದಾಗಿ ಸೋರಿಕೆ ಇವುಗಳಲ್ಲಿ ಏನಾದರೂ ಇದ್ದರೆ ಮೂತ್ರದಲ್ಲಿ ಯಾವ ರೋಗಾಣು ಇದೆ ಎಂದು ನೋಡುವ ಕಲ್ಚರ್ ಪರೀಕ್ಷೆ ಮಾಡಿಸಿ, ಆಮೇಲೆ ಔಷಧಿ.

ನಾಲ್ಕನೆಯದು ಜೀವಕ್ಕೇ ಸಂಬಂಧಿಸಿದ್ದು. ಬೆನ್ನುಹುರಿಯ ಟಿ-6 ಮಟ್ಟದಲ್ಲೋ ಅದಕ್ಕಿಂತ ಮೇಲೋ, ಅಂದರೆ ಎದೆಯ ನಡುಭಾಗದಿಂದ ಮೇಲೆ, ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ಮುಖ ಕೆಂಪು, ಮೇಲ್ಭಾಗ ಬೆವರು, ಕೆಳಗೆ ರೋಮಾಂಚನ ಬಂದರೆ ಸುತ್ತಲಿದ್ದವರು "ಸುಸ್ತಾಗಿದೆ, ಮಲಗಿಸಿ, ಕಾಲು ಎತ್ತಿಡಿ" ಅನ್ನುತ್ತಾರೆ. ಮಾಡಬೇಕಾದದ್ದು ತದ್ವಿರುದ್ಧ. ರಕ್ತದೊತ್ತಡ ನೆಗೆದಿರುತ್ತದೆ, ಮಲಗಿಸಿದರೆ ಇನ್ನೂ ಏರುತ್ತದೆ. ನೇರ ಕೂರಿಸಿ, ಕಾಲು ಕೆಳಗೆ ಬಿಡಿ, ಬೆಲ್ಟು, ಸಾಕ್ಸು, ಪಂಚೆಯ ಗಂಟು ಸಡಿಲಿಸಿ. ಮೂತ್ರದ ಕೊಳವೆ ಮಡಿಚಿದೆಯಾ, ಚೀಲ ತುಂಬಿದೆಯಾ ನೋಡಿ. ಕೊಳವೆ ಇಲ್ಲದಿದ್ದರೆ ಹಾಕಿ ಖಾಲಿ ಮಾಡಿ. ಆಮೇಲೆ ಮಲಬದ್ಧತೆ, ಚರ್ಮದಲ್ಲಿ ಗಾಯ, ಉಗುರು ಒಳಹೋಗಿರುವುದು. ಇಂಥವರ ಮಾಮೂಲಿ ಒತ್ತಡ ಮೇಲಿನ ಅಂಕಿ 90–110 ಇರುತ್ತದೆ, ಹಾಗಾಗಿ 140 ಕಂಡ ನರ್ಸು "ನಾರ್ಮಲ್ ಸ್ವಲ್ಪ ಜಾಸ್ತಿ" ಅಂದರೆ ನಂಬಬೇಡಿ. ತಮ್ಮ ಮಾಮೂಲಿಗಿಂತ 20–40 ಏರಿದರೇ ಅಪಾಯ. ಕಾರಣ ಸಿಗದಿದ್ದರೆ 108.

ಹುಬ್ಬಳ್ಳಿ ಗಾಳಿ

ಗಾಲಿಮನೆ ಅವರ, ಒಂದು ಬಿಟ್ರಿ. ಕಾಲು ತಾನ ತಾನ ಜಗ್ಗತಾವು, ಥರ ಥರ ನಡಗತಾವು. ನೋಡಿದವರು "ಜೀವ ಬರಾಕತ್ತೈತಿ, ಈಗ ನಿಂದ್ರಸ್ರಿ" ಅಂತಾರ. ಆಮ್ಯಾಲೆ "ಆ ಗುಳಿಗಿ ಕೊಟ್ರ ಕಾಲು ಮೆತ್ತಗಾಗತಾವು, ಬಂದ್ ಮಾಡ್ರಿ" ಅಂತಾರ. ಇದಕ್ಕ ಏನ್ ಹೇಳೂದು?

ಗಾಲಿಮನೆ

ಸರಿಯಾಗಿ ನೆನಪಿಸಿದ್ರಿ. ಅದು ಸೆಡೆತ. ಪೆಟ್ಟಾದ ಜಾಗದ ಕೆಳಗಿನ ನರಗಳು ಮೆದುಳಿನ ಹತೋಟಿ ತಪ್ಪಿ ತಾವೇ ಪ್ರತಿಕ್ರಿಯೆ ಕೊಡುವುದು. ಚೇತರಿಕೆಯ ಗುರುತಲ್ಲ. ಹೇಳಿದಾಗ ಹೆಬ್ಬೆರಳು ಆಡಿಸಿ, ನಿಲ್ಲಿಸು ಅಂದಾಗ ನಿಲ್ಲಿಸಿದರೆ ಮಾತ್ರ ಅದು ಚಲನೆ.

ಆ ಗುಳಿಗೆ ಬಹುಶಃ ಬ್ಯಾಕ್ಲೊಫೆನ್. ಥಟ್ಟನೆ ನಿಲ್ಲಿಸಿದರೆ ಸೆಡೆತ ಮೊದಲಿಗಿಂತ ಜೋರಾಗಿ ವಾಪಸ್ಸು ಬರುತ್ತದೆ, ಜ್ವರ, ಭ್ರಮೆ, ಫಿಟ್ಸ್ ವರೆಗೂ ಹೋಗಬಹುದು. ಕಡಿಮೆ ಮಾಡುವುದಿದ್ದರೆ ವೈದ್ಯರ ಲೆಕ್ಕದಲ್ಲಿ ಒಂದೆರಡು ವಾರದಲ್ಲಿ ಹಂತಹಂತವಾಗಿ. ಸೆಡೆತ ಏಕಾಏಕಿ ಹೆಚ್ಚಿದರೆ ಗುಳಿಗೆಯನ್ನು ಬೈಯುವ ಮೊದಲು ಮೂತ್ರದ ಸೋಂಕು, ಮಲಬದ್ಧತೆ, ಹುಣ್ಣು ಹುಡುಕಿ. ಹೇಳಿದವರಿಗೆ ಒಂದು ಸಾಲು: "ಅದು ಸೆಡೆತ ರೀ, ಡಾಕ್ಟ್ರಿಗೆ ಗೊತ್ತೈತಿ, ಗುಳಿಗಿ ಬಂದ್ ಮಾಡಿದ್ರ ಫಿಟ್ಸ್ ಬರ್ತಾವು."

ಮಾತ್ರೆಡಬ್ಬಿ

ಔಷಧ ಅಂಗಡಿಯ ಕಟ್ಟೆಯ ಈಚೆಯಿಂದ ಮೂರ್ಛೆರೋಗದ ಬಗ್ಗೆ.

ಎಳೆನೀಲಿ ಅವರೇ, ಹರಕೆಗೆ ತಲೆಯಾಡಿಸಿ ಅಂದಿರಿ. ಒಪ್ಪುವುದಿಲ್ಲ. ಹರಕೆಯ ಒಳಗೆ "ಬಿಡಿ" ಅಡಗಿರುತ್ತದೆ. "ಶನಿವಾರ ನೀರೂ ಮುಟ್ಟದ ಉಪವಾಸ", "ಶಿವರಾತ್ರಿ ಪೂರ್ತಿ ಜಾಗರಣೆ". ಫಿಟ್ಸ್ ಇರುವವರಿಗೆ ಒಂದು ಹೊತ್ತಿನ ಮಾತ್ರೆ ತಪ್ಪುವುದೂ ನಿದ್ದೆಗೆಡುವುದೂ ಅತಿ ಸಾಮಾನ್ಯ ಪ್ರಚೋದಕಗಳು. ಹರಕೆಗೆ ಹೂಂ ಅನ್ನಿ, ಮಾತ್ರೆ ಒಂದು ಗುಟುಕು ನೀರಲ್ಲಿ ಹೊತ್ತಿಗೆ ಹೋಗಲಿ, ಜಾಗರಣೆ ಮನೆಯ ಬೇರೆಯವರು ಮಾಡಲಿ.

ಬೀಗದಕೈ, ಕಬ್ಬಿಣ, ಚಪ್ಪಲಿ ಮೂಸಿಸುವುದು, ಈರುಳ್ಳಿ: ಇವುಗಳಿಂದ ಫಿಟ್ಸ್ ನಿಂತಂತೆ ಕಾಣುವುದಕ್ಕೆ ಕಾರಣ, ಬಹುಪಾಲು ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಬೀಗದಕೈ ಹುಡುಕಿ ತರುವಷ್ಟರಲ್ಲಿ ಆ ಹೊತ್ತು ಆಗಿರುತ್ತದೆ, ಹೆಸರು ಬೀಗದಕೈಗೆ. ಹಲ್ಲಿನ ನಡುವೆ ಚಮಚ ತುರುಕುವುದು ಮಾತ್ರ ನಿಜವಾದ ಹಾನಿ: ಹಲ್ಲು ಮುರಿದು ಶ್ವಾಸನಾಳಕ್ಕೆ ಹೋಗಬಹುದು. ಬಾಯಿಗೆ ನೀರು ಹಾಕುವುದೂ ಅಷ್ಟೇ. ಮಾಡಬೇಕಾದದ್ದು: ಗಡಿಯಾರ ನೋಡಿ. ಕನ್ನಡಕ ತೆಗೆದು, ಕೊರಳ ಗುಂಡಿ ಬಿಚ್ಚಿ, ತಲೆಯಡಿಗೆ ಮಡಿಚಿದ ಟವೆಲು. ಕೈಕಾಲು ಅದುಮಿ ಹಿಡಿಯಬೇಡಿ. ಪಕ್ಕಕ್ಕೆ ಹೊರಳಿಸಿ, ಜೊಲ್ಲು ಹೊರಗೆ ಹರಿಯಲಿ. 5 ನಿಮಿಷ ದಾಟಿದರೆ, ಅಥವಾ ಎಚ್ಚರ ಬರದೆ ಎರಡನೆಯದು ಶುರುವಾದರೆ 108. ವೈದ್ಯರು ಫಿಟ್ಸ್ ನಿಲ್ಲಿಸಲು ಮಿಡಜೊಲಾಮ್ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದರೆ ಎಷ್ಟು ಸಲ ಒತ್ತಬೇಕು ಅನ್ನುವುದನ್ನು ಡಬ್ಬಿಯ ಮೇಲೇ ಕನ್ನಡದಲ್ಲಿ ಬರೆದಂಟಿಸಿ. ಆ ಗಾಬರಿಯಲ್ಲಿ ಚೀಟಿ ಹುಡುಕಲು ಆಗುವುದಿಲ್ಲ.

ಇನ್ನು "ನುಂಗಿ" ವರ್ಗ. ಜ್ಞಾಪಕಶಕ್ತಿಗೆ ಅಂತ ಶಂಖಪುಷ್ಪಿ ಸಿರಪ್ ಕುಡಿಸಿ ಅನ್ನುತ್ತಾರೆ. ಫೆನಿಟಾಯಿನ್ ಅನ್ನುವ ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹತೋಟಿಯಲ್ಲಿದ್ದ ಫಿಟ್ಸ್ ಮತ್ತೆ ಬಂದದ್ದನ್ನು ಗಮನಿಸಿ ನಮ್ಮ ದೇಶದಲ್ಲೇ ಇಲಿಗಳ ಮೇಲೆ ಪರೀಕ್ಷೆ ಮಾಡಿ 1992ರಲ್ಲಿ ಪ್ರಕಟಿಸಿದ್ದಾರೆ: ಆ ಸಿರಪ್ ಪದೇ ಪದೇ ಕೊಟ್ಟಾಗ ರಕ್ತದಲ್ಲಿ ಫೆನಿಟಾಯಿನ್ ಮಟ್ಟ ಇಳಿಯಿತು. ಈ ಔಷಧಿಗೆ ಕೆಲಸದ ಮಟ್ಟ ತೀರಾ ಕಿರಿದು, ಮಿ.ಲೀ.ಗೆ 10ರಿಂದ 20 ಮೈಕ್ರೊಗ್ರಾಂ. ಕೆಳಗಿಳಿದರೆ ಫಿಟ್ಸ್, ಮೇಲೇರಿದರೆ ಓಲಾಟ, ಎರಡೆರಡು ಕಾಣುವುದು. ಮಾತ್ರೆಯನ್ನು ಅರ್ಧ ಹೆಚ್ಚಿಸಿದರೆ ರಕ್ತದಲ್ಲಿ ಅರ್ಧವೇ ಹೆಚ್ಚುತ್ತದೆ ಅನ್ನುವ ಹಾಗೂ ಇಲ್ಲ, ಒಂದು ಹಂತ ದಾಟಿದರೆ ಮಟ್ಟ ಜಿಗಿಯುತ್ತದೆ.

ನೆಗಡಿಗೆ ನೀಲಗಿರಿ ಎಣ್ಣೆಯ ಹಬೆ, ಎದೆಗೆ ಕರ್ಪೂರದ ಮುಲಾಮು: ಎರಡಕ್ಕೂ ಫಿಟ್ಸ್ ಕೆರಳಿಸುವ ಗುಣ ಇದೆ. ಬರೀ ಬಿಸಿನೀರಿನ ಹಬೆ ಸಾಕು. ಇದನ್ನು ಅಂಗಡಿಗಳಲ್ಲೂ ಯಾರೂ ಕೇಳುವುದಿಲ್ಲ, ಹೇಳುವುದೂ ಇಲ್ಲ.

"ಮದುವೆ ಮಾಡಿದ್ರೆ ಸರಿಹೋಗುತ್ತೆ" ಅನ್ನುವುದಕ್ಕೆ ಉತ್ತರ ಹೇಳುವ ಗೋಜಿಗೇ ಹೋಗಬೇಡಿ. ಆದರೆ ಹೆಣ್ಣುಮಕ್ಕಳು ಫಿಟ್ಸ್‌ಗೆ ವಾಲ್‌ಪ್ರೊಯೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮದುವೆಯ ಮಾತು ಶುರುವಾದಾಗಲೇ ನರರೋಗ ತಜ್ಞರನ್ನು ಕಾಣಿ. ಗರ್ಭದಲ್ಲಿ ಮಗುವಿನ ಬೆನ್ನುಹುರಿಗೆ ತೊಂದರೆ ಕೊಡಬಲ್ಲ ಔಷಧಿ ಅದು. ಬದಲಿಸುವುದಕ್ಕೆ ತಿಂಗಳುಗಳು ಬೇಕು, ಗರ್ಭ ನಿಂತ ಮೇಲೆ ಗಾಬರಿಯಿಂದ ನಿಲ್ಲಿಸುವುದು ಇನ್ನೂ ಅಪಾಯ.

ಕಾನೂನು ಕಟ್ಟೆ

ಮೇಲಿನ ಕೊನೆಯ ಮಾತಿಗೆ ಸೇರಿಸಿ: ಹಿಂದೂ ವಿವಾಹ ಕಾಯ್ದೆ, ವಿಶೇಷ ವಿವಾಹ ಕಾಯ್ದೆ ಎರಡರಲ್ಲೂ ಮದುವೆಗೆ ಅಡ್ಡಿ ಎಂದಿದ್ದ ಅಪಸ್ಮಾರವನ್ನು (ಮೂರ್ಛೆರೋಗವನ್ನು) 1999ರ ತಿದ್ದುಪಡಿಯಲ್ಲೇ ತೆಗೆದುಹಾಕಿದ್ದಾರೆ. "ಮುಚ್ಚಿಟ್ಟು ಮದುವೆ ಮಾಡಿ" ಅನ್ನುವ ಸಲಹೆಗೆ ಆಧಾರವೇ ಉಳಿದಿಲ್ಲ.

ಕೊಡಗಿನಂಚು

ಎಲ್ಲರೂ ಬಹಳ ಕಟುವಾಗಿ ಬರೆಯುತ್ತಿದ್ದೀರಿ. ಹಿರಿಯರು ಹೇಳುವುದು ಪ್ರೀತಿಯಿಂದ. ಒಂದು ಲೋಟ ಅಮೃತಬಳ್ಳಿ ಕಷಾಯಕ್ಕೆ ಏನಾಗುತ್ತೆ? ಸೊಪ್ಪು ಸದೆ, ಅಡ್ಡಪರಿಣಾಮ ಇಲ್ಲ. ಆಯುರ್ವೇದವನ್ನು ಹೀಗೆ ಕಡೆಗಣಿಸಬಾರದು.

ಕಡಲೂರ ವೈದ್ಯೆ

ನಾನು ಆಯುರ್ವೇದ ಓದಿದವಳೇ, ಹಾಗಾಗಿ ನಾನೇ ಉತ್ತರಿಸುತ್ತೇನೆ. ಆಯುರ್ವೇದದಲ್ಲಿ ರೋಗಿಯ ಪ್ರಕೃತಿ, ಅಗ್ನಿ, ಬಲ, ಕಾಲ ನೋಡದೆ ಔಷಧ ಕೊಡುವ ಪದ್ಧತಿಯೇ ಇಲ್ಲ. ಊಟದ ಪಂಕ್ತಿಯಲ್ಲಿ ಹೇಳಿದ ಕಷಾಯ ಆಯುರ್ವೇದ ಹೇಗಾಗುತ್ತದೆ ಸರ್?

ಅಮೃತಬಳ್ಳಿಯ ಮಾತಿಗೆ ಬನ್ನಿ. ಕೋವಿಡ್ ಕಾಲದಲ್ಲಿ ದಿನಾ ಕುಡಿದ ಕೆಲವರಿಗೆ ಕಾಮಾಲೆ ಬಂತು, ಯಕೃತ್ತಿನ ತುಣುಕು ಪರೀಕ್ಷೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಯಕೃತ್ತಿನ ಮೇಲೆ ಬಿದ್ದ ಚಿತ್ರ ಕಂಡಿತು ಎಂದು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಅಮೃತಬಳ್ಳಿಯದೇ ದೋಷವೋ, ಅದನ್ನೇ ಹೋಲುವ ಇನ್ನೊಂದು ಬಳ್ಳಿ ಬೆರೆತಿತ್ತೋ ಎಂದು ವಾದ ನಡೆಯಿತು. ನಿಮ್ಮ ಕೈಯಲ್ಲಿರುವ ಬಳ್ಳಿ ಯಾವುದು ಎಂದು ಪಂಕ್ತಿಯಲ್ಲಿ ಕೂತವರು ಹೇಳಬಲ್ಲರೇ? ಸಂಧಿವಾತ, ಲೂಪಸ್‌ನಂಥ ಕಾಯಿಲೆ ಇರುವವರಲ್ಲಿ ರಕ್ಷಣಾ ವ್ಯವಸ್ಥೆ ಮೊದಲೇ ಕೆರಳಿರುತ್ತದೆ. ಅದನ್ನು ತಗ್ಗಿಸಲು ಒಂದು ಮಾತ್ರೆ, ಏರಿಸಲು ಒಂದು ಕಷಾಯ ಎಂದರೆ ಯಾವ ಪದ್ಧತಿಗೂ ಒಪ್ಪುವ ಮಾತಲ್ಲ.

ಲೇಬಲ್ ನೋಡುವ ಅಭ್ಯಾಸ ಇರಲಿ. ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ, ಪೂರ್ತಿ ಘಟಕಗಳ ಪಟ್ಟಿ, ತಯಾರಕರ ವಿಳಾಸ. ಪಾದರಸ, ಪಾಷಾಣ, ವತ್ಸನಾಭಿಯಂಥ ವಿಷವಸ್ತು ಸೇರಿದವು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಎಂದು ಕಾನೂನೇ ಹೇಳುತ್ತದೆ. ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಪುಡಿ ಯಾವ ಶಾಸ್ತ್ರದ್ದೂ ಅಲ್ಲ. ಎರಡು ಮೂರು ದಿನದಲ್ಲಿ ಕೀಲುನೋವು ಮಾಯ, ಹಸಿವು ಜೋರು, ಕೆಲ ವಾರಗಳಲ್ಲಿ ಮುಖ ದುಂಡಗೆ, ಸಕ್ಕರೆ ಏರಿಕೆ. ಇಷ್ಟು ಕಂಡರೆ ಒಳಗೆ ಸ್ಟೀರಾಯ್ಡ್ ಬೆರೆಸಿದ್ದಾರೆ ಎಂದೇ ಅನುಮಾನಿಸಿ. ಆದರೆ ಮೂರು ವಾರ ಮೀರಿ ತೆಗೆದುಕೊಂಡಿದ್ದರೆ ಸಿಟ್ಟಿನಲ್ಲಿ ಅದನ್ನು ಒಮ್ಮೆಲೇ ಎಸೆಯಬೇಡಿ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿರುವಾಗ ದೇಹ ತನ್ನದನ್ನು ಮಾಡುವುದು ನಿಲ್ಲಿಸಿರುತ್ತದೆ. ಥಟ್ಟನೆ ನಿಲ್ಲಿಸಿದರೆ ವಾಂತಿ, ವಿಪರೀತ ಸುಸ್ತು, ಒತ್ತಡ ಕುಸಿತ, ಪ್ರಾಣಾಪಾಯ. ಪೊಟ್ಟಣ ಸಮೇತ ವೈದ್ಯರ ಹತ್ತಿರ ಹೋಗಿ.

ಕೀಲುಗೊಂಬೆ

ಸಂಧಿವಾತಕ್ಕೆ ಬರುವ ಸಲಹೆಗಳಲ್ಲಿ ಅರ್ಧ ಬೇರೆ ಕಾಯಿಲೆಯವು. "ಬೇಳೆ ಬಿಡಿ, ಟೊಮೆಟೊ ಬಿಡಿ, ಯೂರಿಕ್ ಆ್ಯಸಿಡ್ ಜಾಸ್ತಿಯಾಗುತ್ತೆ". ಯೂರಿಕ್ ಆ್ಯಸಿಡ್ ಗೌಟ್ ಅನ್ನುವ ಬೇರೆಯದೇ ಕೀಲುಬೇನೆಗೆ ಸಂಬಂಧಿಸಿದ್ದು. ಗೌಟ್‌ನಲ್ಲೂ ಬೇಳೆ ಅಷ್ಟೇನೂ ಅಪರಾಧಿಯಲ್ಲ, ಮದ್ಯ ಮತ್ತು ಮಾಂಸದ ಒಳಅಂಗಗಳು ಮುಖ್ಯ. ರೂಮಟಾಯ್ಡ್ ಸಂಧಿವಾತ ಇರುವವರು ಬೇಳೆ ಬಿಟ್ಟರೆ ಸ್ನಾಯು ಸೊರಗುತ್ತದೆ, ಅಷ್ಟೇ ಲಾಭ.

ಆದರೆ ನಿಜವಾದ ಗಂಡಾಂತರ ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯದು. ಇದು ವಾರಕ್ಕೆ ಒಂದೇ ದಿನ, ಸಾಮಾನ್ಯವಾಗಿ 7.5ರಿಂದ 25 ಮಿ.ಗ್ರಾಂ. ಒಳಗೆ. "ನೋವು ಜಾಸ್ತಿ ಇದ್ದರೆ ದಿನಾ ತಗೊಳ್ಳಿ" ಅಂತ ಯಾರಾದರೂ ಅಂದರೆ, ಅದನ್ನು ನಂಬಿ ಒಂದು ವಾರ ನುಂಗಿದರೆ, ಮೂಳೆಮಜ್ಜೆ ಕೆಲಸ ನಿಲ್ಲಿಸುತ್ತದೆ. ಮೊದಲ ಗುರುತು ಬಾಯಿಹುಣ್ಣು, ಜೊತೆಗೆ ಜ್ವರ. ಆ ಹಂತದಲ್ಲಿ ಮೆಥೊಟ್ರೆಕ್ಸೇಟ್ ನಿಲ್ಲಿಸಿ ಅದೇ ದಿನ ಆಸ್ಪತ್ರೆ. ಅದಕ್ಕೆ ಪ್ರತಿಮದ್ದು ಇದೆ, ತಡವಾದರೆ ಕೆಲಸ ಮಾಡುವುದಿಲ್ಲ. ಜೊತೆಗೆ ಕೊಡುವ ಫೋಲಿಕ್ ಆ್ಯಸಿಡ್ ಕೂಡ ಎಷ್ಟೋ ಸಲ ಚಿಕ್ಕ ಹಳದಿ ಮಾತ್ರೆಯೇ. ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಬೇಡಿ. ಮೆಥೊಟ್ರೆಕ್ಸೇಟ್ ಪಟ್ಟಿಯ ಮೇಲೆ ವಾರದ ಹೆಸರು ಬರೆದು, ಬೇರೆ ಡಬ್ಬಿ, ಬೇರೆ ಕಪಾಟು. ಅದನ್ನು ತೆಗೆದುಕೊಳ್ಳುವವರು ಉರಿಮೂತ್ರಕ್ಕೆ ಅಂತ ಕೋಟ್ರೈಮೊಕ್ಸಜೋಲ್ ಆ್ಯಂಟಿಬಯೊಟಿಕ್ ನುಂಗಲೇಬಾರದು, ಎರಡೂ ಸೇರಿದರೆ ಮಜ್ಜೆಗೆ ದುಪ್ಪಟ್ಟು ಪೆಟ್ಟು.

ಮಾತ್ರೆಡಬ್ಬಿ

ಮೇಲಿನದನ್ನು ಪಿನ್ ಮಾಡಿ. ಅಂಗಡಿಯವರೂ ಚೀಟಿಯ ಮೇಲೆ "ವಾರಕ್ಕೊಮ್ಮೆ" ಎಂದು ಬರೆಯದೆ "1-0-0" (ದಿನಾ ಬೆಳಿಗ್ಗೆ ಒಂದು) ಅಂತ ಗೀಚಿಕೊಟ್ಟರೆ ವಾಪಸ್ಸು ಕೊಟ್ಟು ಬರೆಸಿಕೊಳ್ಳಿ.

ಎಳೆನೀಲಿ

ಪಾರ್ಶ್ವವಾಯು, ಪಾರ್ಕಿನ್ಸನ್, ಮೂತ್ರಪಿಂಡ ಉಳಿದಿವೆ. ಗೊತ್ತಿರುವವರು ಚುಟುಕಾಗಿ?

ಗಾಲಿಮನೆ

ಪಾರ್ಶ್ವವಾಯು: ಪಾರಿವಾಳದ ರಕ್ತ ಹಚ್ಚುವುದರಿಂದ ಆಗುವ ನಷ್ಟ ಪಾರಿವಾಳಕ್ಕೆ, ಮತ್ತು ಚಿಕಿತ್ಸೆಯ ಹೊತ್ತಿಗೆ. ಅದಕ್ಕಿಂತ ಹೆಚ್ಚು ಕೆಡುಕು ಎರಡು. ಮಲಗಿದವರ ಬಾಯಿಗೆ ಚಮಚದಲ್ಲಿ ಕಷಾಯ ಹಾಕುವುದು: ನುಂಗುವ ಸ್ನಾಯು ಸೋತಿದ್ದರೆ ತೆಳು ದ್ರವ ನೇರ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ. ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ತಗ್ಗಿಸಿ, ತಿಂದ ಮೇಲೆ ಅರ್ಧ ಗಂಟೆ ಕೂತೇ ಇರಬೇಕು. ಕೆಮ್ಮು ಬಂದರೆ, ದನಿ ಗೊರಗೊರ ಅಂದರೆ ನಿಲ್ಲಿಸಿ ನುಂಗುವಿಕೆಯ ಪರೀಕ್ಷೆ ಮಾಡಿಸಿ. ಇನ್ನೊಂದು, ಬಿದ್ದುಹೋದ ಕೈ ಹಿಡಿದೆಳೆದು ಎಬ್ಬಿಸುವುದು. ಭುಜದ ಕೀಲು ಜಾರುತ್ತದೆ, ಆಮೇಲಿನ ನೋವು ತಿಂಗಳುಗಟ್ಟಲೆ ಹೋಗುವುದಿಲ್ಲ. ಸೊಂಟ ಹಿಡಿದು ಎಬ್ಬಿಸಿ.

ಮಾತ್ರೆಡಬ್ಬಿ

ಪಾರ್ಕಿನ್ಸನ್: "ಮಾತ್ರೆ ಹೀಟು, ಹಾಲಿನ ಜೊತೆ ಕೊಡಿ" ಅನ್ನುತ್ತಾರೆ. ಹಾಲಿನ ಪ್ರೋಟೀನು ಆ ಮಾತ್ರೆಯಲ್ಲಿರುವ ಲೆವೊಡೋಪಾ ಔಷಧದ ಹೀರಿಕೆಯ ಜೊತೆ ಪೈಪೋಟಿ ಮಾಡುತ್ತದೆ, ಮಾತ್ರೆ ಹತ್ತುವುದಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ, ನೀರಿನಲ್ಲಿ. ನಸುಗುನ್ನಿ ಬೀಜದ ಪುಡಿ ಕೊಡಿ ಅನ್ನುವವರ ಮಾತಲ್ಲಿ ಸತ್ಯ ಇದೆ, ಅದೇ ತೊಂದರೆ: ಅದರಲ್ಲಿರುವುದೂ ಲೆವೊಡೋಪಾನೇ. ಮಾತ್ರೆಯ ಮೇಲೆ ಲೆಕ್ಕವಿಲ್ಲದ ಇನ್ನೊಂದು ಡೋಸು ಬಿದ್ದರೆ ಕೈಕಾಲು ಹೆಣೆದುಕೊಂಡಂತೆ ಆಡುತ್ತವೆ, ಭ್ರಮೆ ಬರುತ್ತದೆ.

ಮೂತ್ರಪಿಂಡ: ಡಯಾಲಿಸಿಸ್‌ನವರಿಗೆ "ತಂಪು" ಅಂತ ಎಳನೀರು. 100 ಮಿ.ಲೀ.ಗೆ ಸುಮಾರು 250 ಮಿ.ಗ್ರಾಂ. ಪೊಟ್ಯಾಸಿಯಂ. ಒಂದು ದೊಡ್ಡ ಎಳನೀರು ಕುಡಿದರೆ ಇಡೀ ದಿನದ ಮಿತಿಯ ಕಾಲುಭಾಗಕ್ಕೂ ಹೆಚ್ಚು ಒಂದೇ ಗುಟುಕಲ್ಲಿ, ಹೃದಯದ ಬಡಿತವೇ ತಪ್ಪಬಹುದು. "ಸೋಡಿಯಂ ಕಡಿಮೆ ಇರುವ ಉಪ್ಪು" ಕೂಡ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ್ದೇ. ಕರಾವಳಿಯ ಧಾರೆಹುಳಿ ಹಣ್ಣು ಪೂರ್ತಿ ನಿಷಿದ್ಧ. ಅದರ ನರವಿಷ ಹೊರಹಾಕಲು ಮೂತ್ರಪಿಂಡ ಬೇಕು. ನಿಲ್ಲದ ಬಿಕ್ಕಳಿಕೆ, ಗಲಿಬಿಲಿ ಶುರುವಾದರೆ ಕಾಯಬೇಡಿ.

ದೂರದೇಶಿ

ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುವ ವೀಡಿಯೊಗಳಿಗೆ ಏನು ಮಾಡುವುದು? ಗುಂಪಲ್ಲೇ ಉತ್ತರ ಕೊಟ್ಟರೆ ಜಗಳ, ಕೊಡದಿದ್ದರೆ "ನೋಡಿದ್ಯಾ?" ಅಂತ ಮತ್ತೆ ಫೋನು. ಸ್ಟೆಮ್ ಸೆಲ್ ಜಾಹೀರಾತುಗಳೂ ಬಹಳ ಬರುತ್ತಿವೆ.

ಕಾನೂನು ಕಟ್ಟೆ

ಸ್ಟೆಮ್ ಸೆಲ್: ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ಒಪ್ಪಿತ ಬಳಕೆ ಬಿಟ್ಟರೆ ಉಳಿದದ್ದೆಲ್ಲ ಪ್ರಯೋಗದ ಹಂತದ್ದು. ಅನುಮತಿ ಪಡೆದ ಪ್ರಯೋಗದಲ್ಲಿ ಆ ಚಿಕಿತ್ಸೆಗೆ ರೋಗಿಯಿಂದ ಹಣ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಕೇಳಬೇಕಾದ ಎರಡೇ ಪ್ರಶ್ನೆ: "ಸಿಟಿಆರ್‌ಐ ನೋಂದಣಿ ಸಂಖ್ಯೆ ಎಷ್ಟು?" (ದೇಶದ ಚಿಕಿತ್ಸಾ ಪ್ರಯೋಗಗಳ ದಾಖಲೆಪಟ್ಟಿ ಅದು), "ದುಡ್ಡು ಯಾಕೆ?" ಎರಡನೆಯದಕ್ಕೆ ಸರಿಯಾದ ಉತ್ತರ ಇಲ್ಲ.

ಜಾಹೀರಾತು: 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಅನುಸೂಚಿಯಲ್ಲಿ ಪಾರ್ಶ್ವವಾಯು, ಅಪಸ್ಮಾರ, ಮಧುಮೇಹ, ಸಂಧಿವಾತ, ಕುರುಡು, ಕಿವುಡು ಎಲ್ಲ ಇವೆ. ಇವನ್ನು ಗುಣಪಡಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದೇ ಅಪರಾಧ. ಚಿಕ್ಕಪ್ಪ ಫಾರ್ವರ್ಡ್ ಮಾಡಿದ್ದಕ್ಕೆ ಕೇಸು ಹಾಕಿ ಅನ್ನುತ್ತಿಲ್ಲ! ಆದರೆ "ಚಿಕ್ಕಪ್ಪ, ಹೀಗೆ ಜಾಹೀರಾತು ಕೊಡೋದೇ ಕಾನೂನಿಗೆ ವಿರುದ್ಧವಂತೆ, ದುಡ್ಡು ಕಳಿಸಿಬಿಟ್ಟೀರ ಜೋಕೆ" ಅಂತ ಖಾಸಗಿಯಾಗಿ ಒಂದು ಸಾಲು ಹಾಕಿದರೆ ಕೆಲಸ ಮಾಡುತ್ತದೆ. ಅವರ ಮರ್ಯಾದೆ ಗುಂಪಿನಲ್ಲಿ ಹೋಗಲಿಲ್ಲ, ಅವರ ದುಡ್ಡಿನ ಬಗ್ಗೆ ನಿಮಗೆ ಕಾಳಜಿ ಇದೆ ಅನ್ನಿಸಿತು.

ಎಳೆನೀಲಿ

"ಡಾಕ್ಟ್ರನ್ನ ಕೇಳ್ತೀನಿ" ಅನ್ನುವ ಎಲ್ಲರ ಅಚ್ಚುಮೆಚ್ಚಿನ ಉತ್ತರಕ್ಕೆ ಒಂದು ದೋಷ ಇದೆ: ಮುಂದಿನ ಸಲ "ಕೇಳಿದ್ಯಾ?" ಅಂತ ಅದೇ ಬಾಕಿ ವಸೂಲಿಗೆ ಬರುತ್ತಾರೆ. ಅದರ ಬದಲು "ದೊಡ್ಡಮ್ಮ, ಔಷಧಿ ವಿಷಯ ಒಬ್ಬರೇ ಡಾಕ್ಟ್ರ ಕೈಲಿ ಬಿಟ್ಟಿದೀವಿ, ಎರಡು ಕೈ ಸೇರಿದ್ರೆ ಕೆಡುತ್ತೆ ಅಂತ ಅವ್ರೇ ಹೇಳಿದಾರೆ" ಅಂದರೆ ಬಾಗಿಲು ಮುಚ್ಚುತ್ತದೆ, ಮುಖಕ್ಕೆ ಬಡಿಯುವುದಿಲ್ಲ. ಕಾಯಿಲೆಯವರು ಎದುರಲ್ಲೇ ಕೂತಿದ್ದರೆ ಉತ್ತರ ಅವರದ್ದೇ ಆಗಿರಲಿ, ನೀವು ಮಧ್ಯೆ ಬಾಯಿ ಹಾಕಬೇಡಿ. ಅವರನ್ನು ಬಿಟ್ಟು ನಿಮ್ಮನ್ನೇ ಕೇಳಿದರೆ "ಇಲ್ಲೇ ಇದಾರಲ್ಲ, ಅವ್ರನ್ನೇ ಕೇಳಿ".

ಕೊಡಗಿನಂಚು

ಸರಿ, ಒಪ್ಪಿದೆ. ಹಾಗಾದರೆ ಪ್ರೀತಿ ಇರುವವರು ಏನು ಮಾಡಬೇಕು? ಸುಮ್ಮನೆ ನೋಡುತ್ತ ಕೂರಬೇಕೇ?

ಗಾಲಿಮನೆ

ಒಳ್ಳೆಯ ಪ್ರಶ್ನೆ. ಕೆಲಸ ಬೇಕಾದಷ್ಟಿದೆ. ಆಹ್ವಾನಪತ್ರಿಕೆ ಕೊಡುವ ಮೊದಲು ಛತ್ರಕ್ಕೆ ಹೋಗಿ ಅಳತೆ ತೆಗೆದುಕೊಳ್ಳಿ. ಶೌಚಾಲಯದ ಬಾಗಿಲು ತೆರೆದಾಗ ಒಳಗಿನ ಅಂತರ 32 ಅಂಗುಲ ಇದೆಯಾ? ಪಾಶ್ಚಾತ್ಯ ಕಮೋಡು ಇದೆಯಾ, ಅದರಲ್ಲಿ ಛತ್ರದವರು ಪೊರಕೆ ಬಕೆಟ್ಟು ಪೇರಿಸಿಟ್ಟಿಲ್ಲವಾ? ಊಟದ ಮನೆ ನೆಲಮಾಳಿಗೆಯಲ್ಲಿದ್ದರೆ ಲಿಫ್ಟು ಅಲ್ಲಿಗೆ ಇಳಿಯುತ್ತದಾ? ಊಟದ ಮೇಜಿನಡಿ ಮಂಡಿ ಹೋಗುತ್ತದಾ? ಇಳಿಜಾರಿಗೆ ಲೆಕ್ಕ 1ಕ್ಕೆ 12: ಒಂದು ಅಂಗುಲ ಎತ್ತರಕ್ಕೆ ಒಂದು ಅಡಿ ಉದ್ದ. ಆರಂಗುಲದ ಮೂರು ಮೆಟ್ಟಿಲಿದ್ದರೆ 18 ಅಡಿ. ಶಾಮಿಯಾನದವರು ಎರಡು ಹಲಗೆ ಕಡಿದಾಗಿ ಇಟ್ಟು "ಆಯ್ತು ಸಾರ್" ಅನ್ನುತ್ತಾರೆ, ಒಪ್ಪಬೇಡಿ.

ಹುಬ್ಬಳ್ಳಿ ಗಾಳಿ

ಹದಿನೆಂಟ್ ಫೂಟ್ ಜಾಗಾ ಎಲ್ಲಿಂದ ತರೋಣ್ರಿ? ರೋಡಿಗೇ ಹಚ್ಚಿ ಮೆಟ್ಟಿಲ ಇರ್ತಾವು. ಎತ್ತಿಕೊಂಡ ಹೋಗೂದು ಹೆಂಗ ಹೇಳ್ರಿ.

ಗಾಲಿಮನೆ

ಎರಡು ಮೂರು ಮೆಟ್ಟಿಲಾದರೆ ಇಬ್ಬರು ಸಾಕು. ಮೊದಲು ಕೂತವರನ್ನು ಕೇಳಿ, ಅವರು ಹೇಳಿದ ಹಾಗೆ ಮಾಡಿ. ಸೊಂಟಪಟ್ಟಿ ಇದ್ದರೆ ಹಾಕಿಸಿ. ಹತ್ತುವಾಗ ಕುರ್ಚಿಯ ಬೆನ್ನು ಮೆಟ್ಟಿಲ ಕಡೆಗೆ. ಹಿಂದಿನವರು ಹಿಡಿಕೆ ಹಿಡಿದು ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ದೊಡ್ಡ ಚಕ್ರ ಮೆಟ್ಟಿಲಿಗೆ ತಾಗಿಸಿ, ಒಂದೊಂದೇ ಮೆಟ್ಟಿಲು ಉರುಳಿಸಿ ಎಳೆಯಬೇಕು. ಮುಂದಿನವರು ಚೌಕಟ್ಟಿನ ಸ್ಥಿರ ಕೊಳವೆ ಹಿಡಿದು ಕೆಳಗಿನಿಂದ ಒತ್ತಾಸೆ ಕೊಡಬೇಕು. ಕೈಯಾಸರೆ, ಪಾದದ ಹಲಗೆ ಹಿಡಿಯಲೇಬೇಡಿ, ಎರಡೂ ಕಳಚಿ ಕೈಗೆ ಬರುತ್ತವೆ. ಇಳಿಯುವಾಗ ಕೂತವರ ಮುಖ ಮುಂದಕ್ಕೆ, ಕುರ್ಚಿ ಹಿಂದಕ್ಕೆ ವಾಲಿಯೇ ಇರಬೇಕು, ಹಿಂದಿನವರು ಭಾರ ತಡೆದು ಚಕ್ರ ನಿಧಾನ ಇಳಿಸಬೇಕು. ಕಡಿದಾದ ಹಲಗೆಯಾದರೆ ಮಾತ್ರ ಇಳಿಯುವಾಗಲೂ ಬೆನ್ನು ಮುಂದು ಮಾಡಿ. ಯಾರು ಎಣಿಸುವುದು ಅಂತ ಮೊದಲೇ ಮಾತಾಡಿಕೊಳ್ಳಿ, "ಒಂದು ಎರಡು ಮೂರು" ಅಂದಮೇಲೇ ಕೈ ಹಾಕುವುದು. ಬ್ಯಾಟರಿ ಕುರ್ಚಿಯನ್ನು ಹೀಗೆ ಎತ್ತಲು ಹೋಗಬೇಡಿ, ಬರೀ ಕುರ್ಚಿಯೇ ಹೊರಲಾರದಷ್ಟು ಭಾರ ಇರುತ್ತದೆ, ಮಡಿಚುವ ಕೈಕುರ್ಚಿ ಒಂದನ್ನು ಕಾರಿನಲ್ಲಿ ಹಾಕಿಕೊಂಡು ಬನ್ನಿ.